ಮೊದಲು ಪ್ರಾಣಿ, ಆಮೇಲೆ ದಾರಿ: ವಸಂತದ ಹಿಮಾಲಯಕ್ಕೆ ಮೂರು ರಸ್ತೆಗಳು

ಸಂಕ್ರಾಂತಿ ಕಳೆದ ಮೇಲೆ ನನಗೆ ಬರುವ ಫೋನುಗಳಲ್ಲಿ ಒಂದಾದರೂ ಹೀಗಿರುತ್ತದೆ: “ಏಪ್ರಿಲ್‌ನಲ್ಲಿ ಮಕ್ಕಳಿಗೆ ರಜೆ. ಕಾರಲ್ಲಿ ಹಿಮಾಲಯ ಸುತ್ತೋಣ ಅಂತಿದೀವಿ. ಸ್ಪಿತಿ ಚೆನ್ನಾಗಿರುತ್ತಾ, ಲಡಾಖ್ ಚೆನ್ನಾಗಿರುತ್ತಾ? ಹಿಮಚಿರತೆ ಕಾಣಿಸುತ್ತಂತಲ್ಲ?”

ಎರಡೂ ಚೆನ್ನಾಗಿರುತ್ತವೆ. ಆದರೆ ಅಷ್ಟು ಹೇಳಿ ಫೋನ್ ಇಟ್ಟರೆ ಅವರಿಗೆ ಏನೂ ಉಪಯೋಗವಿಲ್ಲ. ಹಾಗಾಗಿ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಏಪ್ರಿಲ್ ಎಷ್ಟನೇ ತಾರೀಕು? ಹಿಮಚಿರತೆ ಬಿಟ್ಟು ಇನ್ಯಾವ ಪ್ರಾಣಿ ಕಂಡರೆ ನಿಮಗೆ ಹೊಟ್ಟೆ ತುಂಬುತ್ತದೆ? ಇವೆರಡಕ್ಕೆ ಉತ್ತರ ಸಿಕ್ಕರೆ ರಸ್ತೆ ಯಾವುದೆಂದು ಹುಡುಕುವ ಕೆಲಸವೇ ಉಳಿಯುವುದಿಲ್ಲ.

ತಾರೀಕು ಯಾಕೆ ಮುಖ್ಯ ಎಂದರೆ, ಹಿಮಾಲಯದಲ್ಲಿ ವಸಂತ ಒಂದೇ ದಿನ ಎಲ್ಲ ಕಡೆ ಬರುವುದಿಲ್ಲ. ಅದು ಕೆಳಗಿನಿಂದ ಮೆಟ್ಟಿಲು ಹತ್ತಿಕೊಂಡು ಬರುತ್ತದೆ. 2,500 ಮೀಟರ್ ಆಸುಪಾಸಿನಲ್ಲಿ ಮಾರ್ಚ್‌ಗೇ ಹೂ ಬಿಟ್ಟಿರುತ್ತದೆ. 3,500ರಲ್ಲಿ ಏಪ್ರಿಲ್ ನಡುವಿಗೆ ಹೊಳೆದಂಡೆ ಹಸಿರಾಗುತ್ತದೆ. 4,500ರ ಮೇಲೆ ಮೇ ಮುಗಿಯುವ ತನಕ ಕಾಯಬೇಕು. ಮೇಯುವ ಪ್ರಾಣಿಗಳು ಈ ಹಸಿರಿನ ಹಿಂದೆಯೇ ಹತ್ತುತ್ತವೆ, ಅವುಗಳ ಹಿಂದೆ ಬೇಟೆಯಾಡುವ ಪ್ರಾಣಿಗಳು. ಕಾರಿನಲ್ಲಿ ಹೋಗುವವರಿಗೆ ಇದರಲ್ಲೊಂದು ಅನುಕೂಲವಿದೆ. ಮೇಲಿನ ಇಳಿಜಾರುಗಳಲ್ಲಿ ಇನ್ನೂ ಹಿಮವಿರುವಾಗ ಮೊದಲ ಹುಲ್ಲು ಚಿಗುರುವುದು ಕಣಿವೆಯ ತಳದಲ್ಲಿ, ರಸ್ತೆ ಹಾದುಹೋಗುವುದೂ ಅಲ್ಲೇ. ಜೂನ್‌ನಲ್ಲಿ ಎಲ್ಲ ಕಣಿವೆಮಾರ್ಗಗಳೂ (ಬೆಟ್ಟಸಾಲು ದಾಟುವ ಪಾಸ್‌ಗಳು) ತೆರೆದಿರುತ್ತವೆ, ಆದರೆ ಹಿಂಡುಗಳು ಕಣ್ಣಿಗೆ ಎಟುಕದಷ್ಟು ಮೇಲೆ ಹೋಗಿರುತ್ತವೆ. ಜನ ಮಾತ್ರ ಸಿಗುತ್ತಾರೆ.

ಹಿಮಚಿರತೆಯ ಮಾತನ್ನು ಇಲ್ಲೇ ಮುಗಿಸಿಬಿಡುತ್ತೇನೆ. 2024ರ ಜನವರಿಯಲ್ಲಿ ಬಿಡುಗಡೆಯಾದ ದೇಶದ ಮೊದಲ ಪೂರ್ಣ ಅಂದಾಜಿನ ಪ್ರಕಾರ ಭಾರತದಲ್ಲಿರುವುದು 718 ಹಿಮಚಿರತೆಗಳು. ಅದರಲ್ಲಿ 477 ಲಡಾಖ್ ಒಂದರಲ್ಲೇ. ಅವು ಹಳ್ಳಿಗಳ ಹತ್ತಿರ ಇಳಿದು ಬರುವುದು ಜನವರಿಯಿಂದ ಮಾರ್ಚ್‌ವರೆಗೆ. ಅದೇ ಬೆದೆಯ ಕಾಲ, ಅದೇ ಹಿಮ ಗಟ್ಟಿಯಾಗಿರುವ ಕಾಲ. ಏಪ್ರಿಲ್‌ನಲ್ಲಿ ಕಂಡವರಿಲ್ಲವೆಂದಲ್ಲ. ಆದರೆ ಅದನ್ನೇ ನಂಬಿ ಏಪ್ರಿಲ್‌ನಲ್ಲಿ ಹೊರಡುವುದೆಂದರೆ, ಮಳೆಗಾಲದಲ್ಲಿ ಮಾವಿನಹಣ್ಣು ಹುಡುಕಿಕೊಂಡು ಮಾರ್ಕೆಟ್ಟಿಗೆ ಹೋದಂತೆ. ಹಿಮಚಿರತೆಯೇ ಬೇಕೆಂದರೆ ಫೆಬ್ರವರಿಯಲ್ಲಿ ಹೋಗಿ, ಕಾರು ಬಿಟ್ಟು ಗುಡ್ಡದ ಮೇಲೆ ದೂರದರ್ಶಕ ಇಟ್ಟುಕೊಂಡು ದಿನಗಟ್ಟಲೆ ಕೂರಿ. ಅದು ಬೇರೆಯೇ ಪ್ರವಾಸ.

ಇನ್ನು ಮೂರು ರಸ್ತೆಗಳು.

ಚೋಪ್ತಾ: ಆರು ದಿನ ಇದ್ದರೆ ಸಾಕು

ಮಾರ್ಚ್ ಕೊನೆಯಿಂದ ಏಪ್ರಿಲ್ ಮೂರನೇ ವಾರದೊಳಗೆ ರಜೆ ಸಿಗುವುದಾದರೆ, ಜೊತೆಗೆ ವಯಸ್ಸಾದ ಅಪ್ಪ ಅಮ್ಮ ಅಥವಾ ಸಣ್ಣ ಮಕ್ಕಳು ಇದ್ದರೆ, ಉತ್ತರಾಖಂಡದ ಚೋಪ್ತಾ ಬಿಟ್ಟು ಬೇರೆ ಯೋಚನೆ ಮಾಡಬೇಡಿ. ಋಷಿಕೇಶದಿಂದ ದೇವಪ್ರಯಾಗ, ರುದ್ರಪ್ರಯಾಗ, ಊಖಿಮಠ ದಾಟಿ ಸುಮಾರು 200 ಕಿ.ಮೀ. ನಮ್ಮ ಹೆದ್ದಾರಿಯ ಲೆಕ್ಕದಲ್ಲಿ ನಾಲ್ಕು ಗಂಟೆ ಅನ್ನಿಸುತ್ತದೆ, ಎಂಟು ಗಂಟೆ ಇಟ್ಟುಕೊಳ್ಳಿ. ಚೋಪ್ತಾ ಇರುವುದು 2,700 ಮೀಟರ್ ಹತ್ತಿರ, ಉಸಿರಿನ ತೊಂದರೆ ಕಡಿಮೆ. ಊಖಿಮಠದಿಂದ ಮೇಲಕ್ಕೆ ಹೋಗುವ ದಾರಿಯ ಎರಡೂ ಬದಿಯಲ್ಲಿ ಬುರಾಂಶ್ ಕೆಂಪಗೆ ಅರಳಿರುತ್ತದೆ. ಗಿಡವಲ್ಲ, ಆಳೆತ್ತರ ದಾಟಿದ ಮರ. ಅದರ ಹೂವಿನ ಶರಬತ್ತನ್ನು ಅಂಗಡಿಗಳಲ್ಲಿ ಬಾಟಲಿಗೆ ತುಂಬಿ ಮಾರುತ್ತಾರೆ. ನನಗೆ ಅದು ಸಕ್ಕರೆ ಜಾಸ್ತಿ ಅನ್ನಿಸಿತು, ಹೆಂಡತಿ ಎರಡು ಬಾಟಲಿ ಊರಿಗೆ ತಂದಳು.

ಇಲ್ಲಿ ಕಾಣಬೇಕಾದದ್ದು ಮೊನಾಲ್. ಉತ್ತರಾಖಂಡದ ರಾಜ್ಯಪಕ್ಷಿ, ನವಿಲಿನ ಬಳಗದ್ದು. ಚೋಪ್ತಾದಿಂದ ತುಂಗನಾಥಕ್ಕೆ ಹತ್ತುವ ಕಲ್ಲುಹಾಸಿನ ದಾರಿಯಲ್ಲಿ, ಆರು ಗಂಟೆಗೂ ಮುಂಚೆ, ನಮ್ಮ ಮುಂದೆ ಮೂವತ್ತಡಿ ದೂರದಲ್ಲಿ ಒಂದು ಗಂಡು ಹಿಮದ ಅಂಚಿನ ಮಣ್ಣು ಕೆದಕುತ್ತಿತ್ತು. ಬಾಗಿದ ಕೊಕ್ಕೇ ಅದಕ್ಕೆ ಗುದ್ದಲಿ. ಗೆಡ್ಡೆ, ಹುಳು ಏನು ಸಿಕ್ಕರೂ ಸರಿ. ಬೆಳಕು ಬರುವ ತನಕ ಅದು ಬರೀ ಕಪ್ಪು ಕೋಳಿ. ಬಿಸಿಲಿನ ಮೊದಲ ಗೆರೆ ಬೆನ್ನಿನ ಮೇಲೆ ಬಿದ್ದದ್ದೇ ತಾಮ್ರ, ಹಸಿರು, ನೀಲಿ ಒಂದೊಂದಾಗಿ ಹೊತ್ತಿಕೊಂಡವು, ಯಾರೋ ಸ್ವಿಚ್ ಹಾಕಿದ ಹಾಗೆ. ಹಿಂದೆ ಬರುತ್ತಿದ್ದ ಹುಡುಗರ ಗುಂಪು ಮೊಬೈಲಿನಲ್ಲಿ ಹಾಡು ಹಾಕಿಕೊಂಡಿತ್ತು. ಹಕ್ಕಿ ಒಂದು ಸಿಳ್ಳೆ ಹೊಡೆದು ಬೆನ್ನ ಬಿಳಿ ಮಚ್ಚೆ ತೋರಿಸಿ ಕಣಿವೆಗೆ ಜಾರಿತು. ಮೊನಾಲ್ ಬೇಕಿದ್ದರೆ ಜನ ಏಳುವ ಮೊದಲು ಏಳಬೇಕು, ಬೇರೆ ಉಪಾಯವಿಲ್ಲ. ತುಂಗನಾಥದ ಸುತ್ತಲಿನ ಬಂಡೆಗಳಲ್ಲಿ ತಾರ್ ಎಂಬ ಕಾಡುಮೇಕೆ ಸಿಗುತ್ತದೆ. ಹಕ್ಕಿ ನೋಡುವವರಾದರೆ ಗೋಪೇಶ್ವರದ ಕಡೆ ಇಳಿಯುವ ಮಂಡಲ್ ಕಣಿವೆಯಲ್ಲಿ ಒಂದು ದಿನ ಇರಿ. ಇದೆಲ್ಲ ಕೇದಾರನಾಥ ವನ್ಯಧಾಮದ ಒಳಗೇ ಬರುತ್ತದೆ, 1972ರಿಂದ ರಕ್ಷಿತ ಕಾಡು.

ಕೇದಾರದ ಬಾಗಿಲು ತೆರೆದ ಮೇಲೆ ಮಾತ್ರ ಈ ದಾರಿಗೆ ಹೋಗಬೇಡಿ. ಏಪ್ರಿಲ್ ಕೊನೆ ಅಥವಾ ಮೇ ಮೊದಲಿಗೆ ಯಾತ್ರೆ ಶುರುವಾದರೆ ರುದ್ರಪ್ರಯಾಗದ ರಸ್ತೆಯಲ್ಲಿ ಬಸ್ಸುಗಳ ಸಾಲು ಕರಗುವುದಿಲ್ಲ. ತಾರೀಕು ತಿಳಿಯಲು ಅಂದಾಜು ಹಾಕಬೇಕಿಲ್ಲ; ಶಿವರಾತ್ರಿಯ ದಿನ ಊಖಿಮಠದ ಓಂಕಾರೇಶ್ವರ ಗುಡಿಯಲ್ಲಿ ಪಂಚಾಂಗ ನೋಡಿ ಘೋಷಿಸುತ್ತಾರೆ. ಆ ದಿನಕ್ಕೆ ಒಂದು ವಾರ ಮುಂಚೆ ನೀವು ಇಳಿದು ಬಂದಿರಬೇಕು. ಚಳಿಗಾಲದಲ್ಲಿ ಕೇದಾರನ ಪೂಜೆ ನಡೆಯುವುದೂ ಊಖಿಮಠದಲ್ಲೇ. ಕೇದಾರದ ಮುಖ್ಯ ಅರ್ಚಕರಾದ ರಾವಲರು ವೀರಶೈವ ಜಂಗಮ ಪರಂಪರೆಯವರು, ನಮ್ಮ ಕಡೆಯಿಂದ ಹೋದವರು. ಗಢವಾಲದ ಆ ಅಂಗಳದಲ್ಲಿ ಕನ್ನಡ ಕಿವಿಗೆ ಬಿದ್ದರೆ ಬೆಚ್ಚಿಬೀಳಬೇಡಿ.

ಚೋಪ್ತಾದ ಕೊರತೆ ಏನೆಂದರೆ, ಅದು ನಿಜವಾಗಿ ದೂರದ ಊರಲ್ಲ. ಶನಿವಾರ ಭಾನುವಾರ ದೆಹಲಿಯೇ ಅಲ್ಲಿಗೆ ಬಂದಿರುತ್ತದೆ. ಒಂದು ದಿನವಿಡೀ ಎದುರಿಗೆ ಕಾರು ಬರದ ರಸ್ತೆ ಬೇಕೆಂದರೆ ಮುಂದೆ ಓದಿ.

ಕಿನ್ನೌರ್–ಸ್ಪಿತಿ: ನನ್ನ ಓಟು ಇದಕ್ಕೆ

ಸ್ಪಿತಿಗೆ ಎರಡು ಬಾಗಿಲು. ಮನಾಲಿ ಕಡೆಯ ಬಾಗಿಲು ಕುಂಜುಮ್ ಕಣಿವೆಮಾರ್ಗ. 4,500 ಮೀಟರ್ ದಾಟಿದ ಎತ್ತರ, ಮೇ ಕೊನೆ ಅಥವಾ ಜೂನ್‌ವರೆಗೆ ಮುಚ್ಚಿರುತ್ತದೆ. ಅಟಲ್ ಸುರಂಗ ಆದಮೇಲೆ ಸ್ಪಿತಿಗೂ ಅದೇ ದಾರಿ ವರ್ಷವಿಡೀ ತೆರೆದಿದೆ ಎಂದು ಬಹಳ ಜನ ತಿಳಿದಿದ್ದಾರೆ. ಇಲ್ಲ. ಸುರಂಗ ನಿಮ್ಮನ್ನು ಲಾಹೌಲಿಗೆ ಬಿಡುತ್ತದೆ, ಕುಂಜುಮ್ ಅದರಾಚೆ ಹಾಗೇ ನಿಂತಿದೆ. ವಸಂತದಲ್ಲಿ ಹೋಗುವುದು ಶಿಮ್ಲಾ ಬಾಗಿಲಿನಿಂದ, ವಾಪಸು ಬರುವುದೂ ಅದೇ ದಾರಿಯಲ್ಲಿ. ನಾರ್ಕಂಡಾ, ರಾಮ್‌ಪುರ, ಕಲ್ಪಾ, ನಾಕೋ, ತಾಬೋ, ಕಾಜಾ. ಒಟ್ಟು 420 ಕಿ.ಮೀ. ಆಸುಪಾಸು. ಹೋಗಲು ಐದು ದಿನ, ಅಲ್ಲಿ ಮೂರು, ವಾಪಸಿಗೆ ಎರಡು. ಹತ್ತು ದಿನಕ್ಕಿಂತ ಕಡಿಮೆ ಇದ್ದರೆ ಕಾಜಾ ಕೈಬಿಟ್ಟು ಕಲ್ಪಾ, ಸಾಂಗ್ಲಾದಲ್ಲೇ ಇರಿ. ಏಪ್ರಿಲ್ ನಡುವಿನಿಂದ ಸೇಬಿನ ತೋಟಗಳು ಹೂ ಬಿಟ್ಟಿರುತ್ತವೆ, ಎದುರಿಗೆ 6,050 ಮೀಟರಿನ ಕಿನ್ನರ ಕೈಲಾಸ. ಅದೇನು ಕಡಿಮೆ ಪ್ರವಾಸವಲ್ಲ.

ಈ ದಾರಿಯ ದೊಡ್ಡ ಗುಣ, ಅದು ನಿಧಾನಕ್ಕೆ ಏರಿಸುತ್ತದೆ. ನಾರ್ಕಂಡಾ 2,700, ಕಲ್ಪಾ 2,960, ನಾಕೋ 3,660, ಮತ್ತೆ ತಾಬೋ 3,280ಕ್ಕೆ ಇಳಿತ, ಆಮೇಲೆ ಕಾಜಾ 3,650. ಮುಳ್ಳಯ್ಯನಗಿರಿಯ 1,930 ಮೀಟರ್‌ಗೇ ನಾವು ಬೆಟ್ಟ ಅನ್ನುವವರು. ನಮ್ಮ ರಕ್ತಕ್ಕೆ ಈ ನಿಧಾನ ಬೇಕು. ವಿಮಾನದಲ್ಲಿ ಲೇಹ್‌ಗೆ ಇಳಿದವರಿಗೆ ಬರುವ ತಲೆನೋವು ಇಲ್ಲಿ ಬಹಳ ಜನಕ್ಕೆ ಬರುವುದೇ ಇಲ್ಲ. ಭಾರತೀಯರಿಗೆ ಅನುಮತಿಪತ್ರದ ರಗಳೆಯೂ ಇಲ್ಲ.

ರಸ್ತೆಯ ವಿಚಾರದಲ್ಲಿ ಸುಳ್ಳು ಹೇಳಲಾರೆ. ಖಾಬ್‌ನಲ್ಲಿ ಸ್ಪಿತಿ ನದಿ ಸಟ್ಲೆಜ್ ಸೇರುವಲ್ಲಿಂದ ನಾಕೋವರೆಗೆ ಒಂದು ಕಡೆ ಬಂಡೆ, ಇನ್ನೊಂದು ಕಡೆ ಗಾಳಿ. ನಾಕೋ ದಾಟಿದ ಮೇಲೆ ಮಲಿಂಗ್ ನಾಲಾ ಇದೆ. ಹಿಮ ಕರಗುವ ಕಾಲದಲ್ಲಿ ಬೆಳಿಗ್ಗೆ ಚಕ್ರ ನೆನೆಯುವಷ್ಟಿದ್ದ ನೀರು ಮಧ್ಯಾಹ್ನಕ್ಕೆ ಬೇರೆಯೇ ಮಾತಾಡುತ್ತದೆ. ಹತ್ತು ಗಂಟೆಯೊಳಗೆ ದಾಟಿಬಿಡಿ. ಪೊವಾರಿಯಲ್ಲಿ ಟ್ಯಾಂಕ್ ತುಂಬಿಸಿ. ಅದು ಬಿಟ್ಟರೆ ಮುಂದಿನ ಬಂಕ್ ಕಾಜಾದಲ್ಲೇ.

ಪ್ರಾಣಿಗಳು ಸಿಗುವುದು ಕಾಜಾದಿಂದ ಕಿಬ್ಬರ್‌ಗೆ ಏರುವ ಇಪ್ಪತ್ತು ಕಿಲೋಮೀಟರಿನಲ್ಲಿ. ನಮ್ಮ ಜೊತೆ ಬಂದಿದ್ದ ಕಾಜಾದ ಡ್ರೈವರ್ ಒಂದು ತಿರುವಿನಲ್ಲಿ ಎಂಜಿನ್ ಆರಿಸಿ “ಸುನಿಯೇ ಸರ್” ಅಂದ. ಏನೂ ಕೇಳಲಿಲ್ಲ. ಆಮೇಲೆ ಒಂದು ಕಲ್ಲು ಉರುಳಿದ ಸದ್ದು, ಹಿಂದೆಯೇ ಇನ್ನೊಂದು. ಭರಲ್ ಬೂದುಬಣ್ಣದ ಕಾಡುಕುರಿ, ಆ ಬೆಟ್ಟವೂ ಬೂದುಬಣ್ಣ; ನಿಂತಿದ್ದರೆ ಹತ್ತು ಹೆಜ್ಜೆ ದೂರದಲ್ಲೂ ಕಾಣುವುದಿಲ್ಲ. ಕಲ್ಲು ಎಲ್ಲಿಂದ ಬಂತೆಂದು ಕಣ್ಣು ಏರಿಸುತ್ತ ಹೋದಾಗ ಮೊದಲು ಕಾಲುಗಳ ಮುಂಭಾಗದ ಕಪ್ಪು ಪಟ್ಟೆ ಕಂಡಿತು, ಆಮೇಲೆ ಬಿಳಿ ಹೊಟ್ಟೆ, ಆಮೇಲೆ ಇಡೀ ಹಿಂಡು. ಇಪ್ಪತ್ತಮೂರು ಎಣಿಸಿದೆವು. ನಮ್ಮ ಬಾನೆಟ್ಟಿನ ಮುಂದೆಯೇ ಒಂದೊಂದಾಗಿ ರಸ್ತೆ ದಾಟಿ ಕೆಳಗಿನ ಹೊಲದ ಬದುವಿಗೆ ಇಳಿದವು. ಕೊನೆಯ ಮುದಿ ಟಗರು ರಸ್ತೆಯ ನಡುವೆ ನಿಂತು ನಮ್ಮನ್ನು ಅರ್ಧ ನಿಮಿಷ ನೋಡಿತು, ಕಂದಾಯದ ಅಧಿಕಾರಿಯ ಹಾಗೆ.

ಇಷ್ಟೊಂದು ಭರಲ್ ಇಲ್ಲಿ ಹೀಗೆ ನಿರಾಳವಾಗಿ ಇರುವುದಕ್ಕೆ ಮೈಸೂರಿನ ನಂಟು ಇದೆ. ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು 1990ರ ದಶಕದ ಕೊನೆಯಿಂದ ಕಿಬ್ಬರ್ ಊರಿನವರೊಂದಿಗೆ ಕೆಲಸ ಮಾಡುತ್ತಿದ್ದಾರೆ. ಊರಿನವರು ತಮ್ಮ ಹುಲ್ಲುಗಾವಲಿನ ಒಂದು ಪಾಲನ್ನು ದನಕುರಿ ಬಿಡದೆ ಕಾಡುಪ್ರಾಣಿಗಳಿಗೇ ಮೀಸಲಿಟ್ಟರು. ಹಿಮಚಿರತೆಯೋ ತೋಳವೋ ಕೊಂದ ಜಾನುವಾರಿಗೆ ಊರೇ ನಡೆಸುವ ವಿಮೆಯಿಂದ ಪರಿಹಾರ ಕೊಡುವ ಏರ್ಪಾಡೂ ಆಯಿತು. ಹುಲ್ಲು ಸಿಕ್ಕಿತು, ಭರಲ್ ಹೆಚ್ಚಿದವು. ಆದ್ದರಿಂದ ಕಿಬ್ಬರ್‌ಗೆ ಹೋದರೆ ಕಾಜಾದ ಹೋಟೆಲಿನಿಂದ ಹೋಗಿ ಬರುವ ಬದಲು ಊರಿನ ಹೋಮ್‌ಸ್ಟೇಯಲ್ಲೇ ಎರಡು ರಾತ್ರಿ ಉಳಿಯಿರಿ. ದುಡ್ಡು ಅಲ್ಲೇ ಉಳಿಯುತ್ತದೆ, ಬೆಳಗಿನ ಪ್ರಾಣಿಯೂ ನಿಮಗೇ ಸಿಗುತ್ತದೆ. ಪಕ್ಕದ ಚಿಚಮ್ ಸೇತುವೆ ಬಿಡಬೇಡಿ. 2017ಕ್ಕೆ ಮೊದಲು ಆ ಕಂದಕವನ್ನು ಜನ ಹಗ್ಗದ ತೊಟ್ಟಿಲಿನಲ್ಲಿ ಕೂತು ದಾಟುತ್ತಿದ್ದರು. ಸೇತುವೆಯ ಮೇಲೆ ನಿಂತರೆ ರಣಹದ್ದು ನಿಮ್ಮ ಕಾಲಕೆಳಗೆ ಹಾರುತ್ತದೆ. ಐಬೆಕ್ಸ್ ಎಂಬ ಕಾಡುಮೇಕೆ ಕೂಡ ಆ ಕಮರಿಯ ಗೋಡೆಗಳಲ್ಲಿ ಸಿಗುತ್ತದೆ, ಸಂಜೆ ಹೊತ್ತು ತಾಳ್ಮೆಯಿಂದ ದುರ್ಬೀನು ಆಡಿಸಿ.

ಸೌಕರ್ಯ ನಿರೀಕ್ಷಿಸಬೇಡಿ. ಏಪ್ರಿಲ್‌ನಲ್ಲಿ ರಾತ್ರಿ ಸೊನ್ನೆಗಿಂತ ಕೆಳಗಿರುತ್ತದೆ, ನಲ್ಲಿಗಳು ಹೆಪ್ಪುಗಟ್ಟಿರುತ್ತವೆ, ಸ್ನಾನ ಅಂದರೆ ಅರ್ಧ ಬಕೆಟ್ ಬಿಸಿನೀರು. ಒಣ ಶೌಚಾಲಯ: ನೀರಿಲ್ಲ, ಕೆಲಸ ಮುಗಿಸಿ ಒಂದು ಸಲಿಕೆ ಮಣ್ಣು ಹಾಕಬೇಕು. ಮಕ್ಕಳು ಎರಡೇ ದಿನಕ್ಕೆ ಒಗ್ಗಿಕೊಂಡರು, ದೊಡ್ಡವರದ್ದೇ ಗೋಳು. ಲಾಂಗ್ಜಾ, ಹಿಕ್ಕಿಂ, ಕೋಮಿಕ್ ಹಳ್ಳಿಗಳ ರಸ್ತೆಯಲ್ಲಿ ಹಿಮ ಬಿದ್ದರೆ ಅವನ್ನು ಬಿಟ್ಟುಬಿಡಬೇಕಾಗುತ್ತದೆ, ಬೇಸರ ಬೇಡ.

ಲಡಾಖ್: ದೊಡ್ಡ ಬಯಲು ಬೇಕೆನ್ನುವವರಿಗೆ

ಕಾರಿನಲ್ಲೇ ಹೋಗುವುದಾದರೆ ವಸಂತದಲ್ಲಿ ಸಾಮಾನ್ಯವಾಗಿ ಶ್ರೀನಗರದ ದಾರಿಯೇ. ಮನಾಲಿ–ಲೇಹ್ ರಸ್ತೆ ಸಾಮಾನ್ಯವಾಗಿ ಮೇ ತಿಂಗಳಲ್ಲಿ ತೆರೆಯುತ್ತದೆ. ಶ್ರೀನಗರದ ಕಡೆ 3,528 ಮೀಟರಿನ ಝೋಜಿಲಾ ಕಣಿವೆಮಾರ್ಗವನ್ನು ಗಡಿರಸ್ತೆ ಸಂಸ್ಥೆಯವರು ಹಿಂದಿಗಿಂತ ಬೇಗ ತೆರೆಯುತ್ತಿದ್ದಾರೆ. 2025ರಲ್ಲಿ ಏಪ್ರಿಲ್ 1ಕ್ಕೇ ತೆರೆಯಿತು, ಬರೀ 32 ದಿನ ಮುಚ್ಚಿತ್ತು. ಆದರೆ ತೆರೆದದ್ದೇ ನುಗ್ಗಬೇಡಿ. ಮೊದಲ ವಾರಗಳಲ್ಲಿ ದಿನಕ್ಕೆ ಒಂದೇ ದಿಕ್ಕಿಗೆ ಬಿಡುತ್ತಾರೆ, ಎರಡೂ ಕಡೆ ಹಿಮದ ಗೋಡೆ, ಹಿಮಕುಸಿತವಾದರೆ ಸೋನಮಾರ್ಗದಲ್ಲೋ ದ್ರಾಸ್‌ನಲ್ಲೋ ಕಾಯುವ ಸರದಿ. ಹಿಂತಿರುಗುವ ವಿಮಾನದ ಟಿಕೆಟ್ಟಿಗೂ ದಾರಿಯ ಲೆಕ್ಕಕ್ಕೂ ನಡುವೆ ಎರಡು ದಿನ ಖಾಲಿ ಇಡಿ. ಆ ವಾರದ ಭದ್ರತಾ ಸ್ಥಿತಿಯನ್ನೂ ನೋಡಿಕೊಂಡೇ ಹೊರಡಿ.

ನನ್ನನ್ನು ಕೇಳಿದರೆ, ಏಪ್ರಿಲ್‌ನಲ್ಲಿ ಲೇಹ್‌ಗೆ ವಿಮಾನದಲ್ಲಿ ಇಳಿದು ಅಲ್ಲಿನ ಗಾಡಿ ಮಾಡಿಕೊಳ್ಳುವುದೇ ಜಾಣತನ. ಹೊರಗಿನ ಬಾಡಿಗೆ ಕಾರು ಲಡಾಖ್‌ನ ಒಳಗೆ ಓಡಾಡುವುದನ್ನು ಅಲ್ಲಿನ ಟ್ಯಾಕ್ಸಿಯವರು ಒಪ್ಪುವುದಿಲ್ಲ, ಜಗಳ ಕಾದು ಪ್ರಯೋಜನವಿಲ್ಲ. ಇಳಿದ ಮೇಲೆ ಎರಡು ದಿನ ಪೂರ್ತಿ ಸುಮ್ಮನಿರಬೇಕು. 3,500 ಮೀಟರ್‌ಗೆ ಮೂರು ತಾಸಿನಲ್ಲಿ ಬಂದಿರುತ್ತೀರಿ. ಹಂಪಿ ನೋಡಿದ ಹಾಗೆ ಬೆಳಿಗ್ಗೆ ಇಳಿದು ಮಧ್ಯಾಹ್ನ ಸುತ್ತಲು ಹೊರಟವರು ರಾತ್ರಿ ಆಸ್ಪತ್ರೆಯಲ್ಲಿ ಆಮ್ಲಜನಕ ಹಾಕಿಸಿಕೊಳ್ಳುವುದು ಅಲ್ಲಿ ದಿನದ ಸಂಗತಿ. ಮಾತ್ರೆಯ ವಿಚಾರ ಊರಲ್ಲೇ ನಿಮ್ಮ ಡಾಕ್ಟರನ್ನು ಕೇಳಿಕೊಂಡು ಬನ್ನಿ.

ಪ್ರಾಣಿಗಳ ಲೆಕ್ಕದಲ್ಲಿ ಮಾತ್ರ ಇದಕ್ಕೆ ಸಾಟಿಯಿಲ್ಲ. ಲೇಹ್‌ನಿಂದ ಪಶ್ಚಿಮಕ್ಕೆ, ಶಾಮ್ ಕಡೆಯ ಹಳ್ಳಿಗಳಲ್ಲಿ ಏಪ್ರಿಲ್ ನಡುವಿಗೆ ಏಪ್ರಿಕಾಟ್ ಮರಗಳು ಹೂ ಬಿಟ್ಟಿರುತ್ತವೆ, ಅವುಗಳ ಮೇಲಿನ ಗುಡ್ಡಗಳಲ್ಲಿ ಉರಿಯಲ್ ಎಂಬ ಕಾಡುಕುರಿ. ದ್ರಾಸ್ ಸುತ್ತ ಚಳಿನಿದ್ದೆ ಮುಗಿಸಿ ಏಳುವ ಕಂದು ಕರಡಿ. ನಿಜವಾದ ಸಂತೆ ಇರುವುದು ಪೂರ್ವಕ್ಕೆ, ಚಾಂಗ್‌ಥಾಂಗ್‌ನಲ್ಲಿ. ಹಾನ್ಲೆಗೆ ಹೋಗುವ ಬಯಲಿನಲ್ಲಿ ಕಿಯಾಂಗ್ ಎಂಬ ಕಾಡುಕತ್ತೆಯ ಹಿಂಡು ಕಾರಿನ ಸಮಕ್ಕೆ ಓಡಲು ಶುರು ಮಾಡುತ್ತದೆ. ದೂರ ಓಡಿಹೋಗುವುದು ಬಿಟ್ಟು, ವೇಗ ಹೆಚ್ಚಿಸಿ ನಮ್ಮ ಮುಂದೆಯೇ ಅಡ್ಡ ದಾಟಿ ಆಚೆ ನಿಂತು ತಿರುಗಿ ನೋಡುತ್ತದೆ. ಪಂದ್ಯ ಗೆದ್ದ ಠೀವಿ. ಆಗ ಡ್ರೈವರುಗಳಿಗೆ ರಸ್ತೆ ಬಿಟ್ಟು ಬೆನ್ನುಹತ್ತುವ ಆಸೆ ಬರುತ್ತದೆ, ಪ್ರಯಾಣಿಕರೇ ಉಬ್ಬಿಸುತ್ತಾರೆ. ದಯವಿಟ್ಟು ಬೇಡ. ಅಲ್ಲಿ ಒಮ್ಮೆ ಚಕ್ರ ಹರಿದ ಹುಲ್ಲು ಮತ್ತೆ ಬರಲು ವರ್ಷಗಳು ಬೇಕು.

ಮಾರ್ಚ್ ಕೊನೆಯಿಂದ ಕರಿಕೊರಳ ಕ್ರೌಂಚಗಳು ಹಾನ್ಲೆಯ ಜೌಗಿಗೂ ತ್ಸೋ ಕರ್ ಸರೋವರಕ್ಕೂ ಜೋಡಿಜೋಡಿಯಾಗಿ ಬರುತ್ತವೆ. ಲಡಾಖ್‌ನ ರಾಜ್ಯಪಕ್ಷಿ ಅದೇ. ಅವು ಮೊಟ್ಟೆಯಿಟ್ಟ ಮೇಲೆ ದೊಡ್ಡ ಶತ್ರು ತೋಳವಲ್ಲ, ಶಿಬಿರಗಳ ಎಂಜಲು ತಿಂದು ಬೆಳೆದ ಬೀದಿನಾಯಿಗಳು. ಹಾಗಾಗಿ ಉಳಿದ ಚಪಾತಿ ನಾಯಿಗೆ ಹಾಕಿ ಪುಣ್ಯ ಕಟ್ಟಿಕೊಳ್ಳಬೇಡಿ. ಪಟ್ಟೆತಲೆ ಹೆಬ್ಬಾತುಗಳೂ ಆ ಹೊತ್ತಿಗೆ ಬಂದಿರುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಚಳಿಗಾಲ ಕಳೆದು, ಅಕ್ಕಪಕ್ಕದ ಹೊಲಗಳಲ್ಲಿ ಮೇದು, ಬೇಸಿಗೆ ಹತ್ತಿರವಾದಂತೆ ಉತ್ತರಕ್ಕೆ ಏಳುತ್ತವಲ್ಲ, ಅದೇ ಜಾತಿ. ನಮ್ಮಲ್ಲಿಗೆ ಬರುವವುಗಳಲ್ಲಿ ಕೆಲವು ಮಂಗೋಲಿಯಾದವು ಎಂದು ಕೊರಳಪಟ್ಟಿಯಿಂದ ಗೊತ್ತಾಗಿದೆ. ಇನ್ನೂ ಅರ್ಧ ಹೆಪ್ಪುಗಟ್ಟಿದ ನೀರಿನ ಅಂಚಿನಲ್ಲಿ ಅವನ್ನು ಕಂಡಾಗ ನನಗಂತೂ ಊರಿನವರು ಸಿಕ್ಕಂತಾಯಿತು.

ಊರಿನ ಇನ್ನೊಂದು ಕೊಂಡಿಯೂ ಹಾನ್ಲೆಯಲ್ಲಿದೆ. 4,500 ಮೀಟರ್ ಎತ್ತರದ ಗುಡ್ಡದ ಮೇಲೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿದೆ. ಅಲ್ಲಿನ ಎರಡು ಮೀಟರಿನ ‘ಚಂದ್ರ’ ಎಂಬ ಹೆಸರಿನ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕೂತು ಉಪಗ್ರಹ ಸಂಪರ್ಕದಿಂದ ತಿರುಗಿಸುತ್ತಾರೆ. ರಾತ್ರಿ ಅಲ್ಲಿ ಹೆಡ್‌ಲೈಟ್ ಉರಿಸಿಕೊಂಡು ಓಡಾಡಿದರೆ ಬೈಸಿಕೊಳ್ಳುತ್ತೀರಿ, ನ್ಯಾಯವಾಗಿಯೇ.

ಆದರೆ ಈ ಎತ್ತರದಲ್ಲಿ ಮಲಗುವುದು ಎಲ್ಲರಿಗೂ ಆಗುವ ಮಾತಲ್ಲ. ಆರು ವರ್ಷದೊಳಗಿನ ಮಕ್ಕಳು, ಬಿಪಿ ಇರುವ ಹಿರಿಯರು ಜೊತೆಗಿದ್ದರೆ ನಾನು ಹಾನ್ಲೆ ಬೇಡವೆನ್ನುತ್ತೇನೆ. ತ್ಸೋ ಮೊರಿರಿ ಏಪ್ರಿಲ್‌ನಲ್ಲಿ ಇನ್ನೂ ಮಂಜುಗಡ್ಡೆ. ನೀಲಿ ಸರೋವರದ ಫೋಟೋ ಬೇಕಿದ್ದರೆ ಮೇ ಕೊನೆಗೆ ಹೋಗಿ.

ಹಾಗಾದರೆ ಯಾವುದು?

ಹಕ್ಕಿ ಮತ್ತು ಹೂ, ಮನೆಮಂದಿಯೆಲ್ಲ, ಏಪ್ರಿಲ್ ಮೊದಲರ್ಧ: ಚೋಪ್ತಾ. ಹನ್ನೆರಡು ದಿನ ರಜೆ, ತೆರೆದ ಬಯಲು, ಗಟ್ಟಿ ಶ್ವಾಸಕೋಶ, ಏಪ್ರಿಲ್ 20ರ ನಂತರ: ಲಡಾಖ್. ಇವೆರಡರ ನಡುವೆ ಬರುವ ಉಳಿದೆಲ್ಲರಿಗೂ ಕಿನ್ನೌರ್–ಸ್ಪಿತಿ. ಕಾರು ಓಡಿಸುವುದೇ ನಿಮಗೆ ಪ್ರವಾಸದ ಅರ್ಧ ಸುಖವೆಂದರೆ ಅದು ಪೂರ್ತಿ ಸಿಗುವುದೂ ಅಲ್ಲೇ. ಬೆಂಗಳೂರಿನಿಂದಲೇ ಓಡಿಸಿಕೊಂಡು ಹೋಗುತ್ತೇನೆನ್ನುವ ಉತ್ಸಾಹಿಗಳಿಗೆ: ಶಿಮ್ಲಾ ತಲುಪುವಷ್ಟರಲ್ಲಿ ನಾಲ್ಕು ದಿನ ಹೋಗಿರುತ್ತದೆ. ಚಂಡೀಗಢದವರೆಗೆ ವಿಮಾನ ಅಥವಾ ರೈಲು, ಅಲ್ಲಿಂದ ಕಾರು.

ಎಲ್ಲಿಗೇ ಹೋದರೂ ಪೋಸ್ಟ್‌ಪೇಯ್ಡ್ ಸಿಮ್ ಒಂದಿರಲಿ, ಲಡಾಖ್‌ನಲ್ಲಿ ಹೊರರಾಜ್ಯದ ಪ್ರೀಪೇಯ್ಡ್ ಸತ್ತಂತೆಯೇ. ಎಂಟು ಪಟ್ಟಿನ ದುರ್ಬೀನು ಸಾಕು, ದೊಡ್ಡ ಲೆನ್ಸ್ ಇಲ್ಲವೆಂದು ಕೊರಗಬೇಡಿ. ಲಡಾಖ್‌ನಲ್ಲಿ ಪ್ರಾಣಿಗಳ ಹೆಸರನ್ನು ಅಲ್ಲಿಯವರ ಬಾಯಲ್ಲಿರುವ ಹಾಗೆ ಕಲಿತುಕೊಳ್ಳಿ: ಭರಲ್‌ಗೆ ನಾಪೊ, ಉರಿಯಲ್‌ಗೆ ಶಾಪೊ, ತೋಳಕ್ಕೆ ಶಾಂಗ್ಕು. ಚಹಾ ಅಂಗಡಿಯಲ್ಲಿ “ಜುಲೇ” (ಅಲ್ಲಿನ ನಮಸ್ಕಾರ) ಅಂದು ಶಾಂಗ್ಕು ಬಂದಿತ್ತಾ ಎಂದು ಕೇಳಿದರೆ, ಗೈಡ್ ಹೇಳದ್ದನ್ನು ಕುರಿ ಕಾಯುವ ಅಜ್ಜ ಹೇಳುತ್ತಾನೆ.

ಬಾಡಿಗೆ ಕಾರು ತೆಗೆದುಕೊಳ್ಳುವಾಗ ಡಿಕ್ಕಿ ತೆಗೆಸಿ ನೋಡಿ. ನಾನು ನೋಡಿರಲಿಲ್ಲ. ನಾಕೋ ಇಳಿಜಾರಿನಲ್ಲಿ ಪಂಕ್ಚರ್ ಆದಾಗ ಸ್ಟೆಪ್ನಿ ತೆಗೆದರೆ ಅದರಲ್ಲಿ ಗಾಳಿಯೇ ಇಲ್ಲ, ಮೈಮೇಲೆ ಗೀರೂ ಉಳಿದಿಲ್ಲ, ನಯವಾಗಿ ತೇಯ್ದ ಸಾಣೆಕಲ್ಲು. ಎರಡು ಗಂಟೆ ಕಾದ ಮೇಲೆ ಸೈನ್ಯದ ಒಂದು ಟ್ರಕ್ ಬಂತು. ಅದರ ಡ್ರೈವರ್ ಬೆಳಗಾವಿ ಕಡೆಯವನು. ತನ್ನ ಗಾಡಿಯ ಪೈಪಿನಿಂದ ಗಾಳಿ ತುಂಬಿಸಿಕೊಟ್ಟು, ನಾವು ಕೊಟ್ಟ ಶೇಂಗಾ ಚಟ್ನಿಯ ಡಬ್ಬಿ ಮೂಸಿ ನೋಡಿ, “ಇದನ್ನ ಇಲ್ಲಿಗಂಟ ತಂದೀರಲ್ರೀ, ಗಾಲಿ ನೋಡೂದು ಬಿಟ್ಟು” ಅಂದ. ಡಬ್ಬಿ ವಾಪಸು ಕೊಡಲಿಲ್ಲ.